ಏರುದಾರಿಗೆ ಎಂಥ ಸೈಕಲ್ ಬೇಕು?

"ಉಮ್ಮಾ, ನನಗೊಂದು ಸೈಕಲ್ ಬೇಕು. ಕಾಲೇಜಿಗೂ ಆಗುತ್ತದೆ. ರಜೆಯಲ್ಲಿ ನಾನೂ ತಮ್ಮನೂ ಅಜ್ಜಿ ಮನೆಗೆ ಸೈಕಲಲ್ಲೇ ಹೋಗಿ ಬರಬಹುದು."

ಎಸೆಸೆಲ್ಸಿ ಮುಗಿಸಿದ ಮಗಳು ಈ ಬೇಡಿಕೆ ಮುಂದಿಟ್ಟಾಗ ನಮಗೆ ಇಲ್ಲವೆನ್ನಲು ಕಾರಣಗಳಿರಲಿಲ್ಲ. ನಮ್ಮದು ಬೆಳ್ತಂಗಡಿ ತಾಲೂಕಿನ ಒಳಪ್ರದೇಶ. ಕಾಲೇಜು 6 ಕಿಲೋಮೀಟರ್ ದೂರದಲ್ಲಿದೆ. ಬೆಳಗ್ಗಿನ ಬಸ್ಸು ತಪ್ಪಿದರೆ ಆ ದಿನದ ಮೊದಲ ತರಗತಿ ತಪ್ಪಿತೆಂದೇ ಅರ್ಥ. ಅಜ್ಜಿಯ ಮನೆ ಇರುವುದು ಚಾರ್ಮಾಡಿ ಘಾಟಿಯ ಬುಡದ ಕಡೆಗೆ, 22 ಕಿಲೋಮೀಟರ್ ದೂರದಲ್ಲಿ. ದಾರಿಯಲ್ಲಿ ಡಾಮರು ರಸ್ತೆಯಿದೆ, ಚಡಾವುಗಳಿವೆ, ಕೊನೆಯ 2 ಕಿಲೋಮೀಟರ್ ಅಡಿಕೆ ತೋಟಗಳ ನಡುವಿನ ಮಣ್ಣಿನ ದಾರಿ.

ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಗುಡ್ಡಗಾಡಿನ ದಾರಿ ಎಂದು ಹೇಳಿದ ಕೂಡಲೇ ಅಂಗಡಿಯವರು ದಪ್ಪ ಟಯರಿನ, ಎದುರಲ್ಲೂ ನಡುವಿನಲ್ಲೂ ಸ್ಪ್ರಿಂಗ್ ಇರುವ, ಮಿರಮಿರ ಮಿಂಚುವ ಸೈಕಲೊಂದನ್ನು ತೋರಿಸಿದರು. ಮೈಮೇಲೆ 7 ಗೇರ್ ಎಂಬ ಸ್ಟಿಕ್ಕರ್. "ಗುಡ್ಡಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ" ಎಂದರು. ನಾವು ನಂಬಿದೆವು. ನಾನಂತೂ ಅದನ್ನು ಎತ್ತಿ ಕೂಡಾ ನೋಡಲಿಲ್ಲ.

ಮೊದಲ ವಾರವೇ ಮಗಳು ಕಾಲೇಜಿನಿಂದ ಬರುವಾಗ ಅಸರ್ ಕಳೆದಿತ್ತು. ಮುಖ ಕೆಂಪಾಗಿತ್ತು, ಸೈಕಲನ್ನು ತಳ್ಳಿಕೊಂಡೇ ಬಂದಿದ್ದಳು. ಮರುದಿನವೂ ಅದೇ ಕತೆ. "ಹೆಣ್ಣು ಮಕ್ಕಳ ಕಾಲಿಗೆ ಆಗುವ ಕೆಲಸವೇ ಇದು?" ಎಂದು ನೆರೆಯವರೊಬ್ಬರು ನಕ್ಕರು. ನನಗೆ ನೋವಾದದ್ದು ಆ ಮಾತಿನಿಂದಲ್ಲ. ರಾತ್ರಿ ಮಗಳೇ ನನ್ನ ಬಳಿ ಬಂದು, "ನನಗೆ ಅಷ್ಟು ಶಕ್ತಿ ಇಲ್ಲ ಉಮ್ಮಾ" ಎಂದಳಲ್ಲ, ಅದರಿಂದ. ಮತ್ತೆ ಆರು ತಿಂಗಳು ಸೈಕಲ್ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು.

ಒಂದು ದಿನ ಮಗ ಅದನ್ನು ಹೊರತೆಗೆದು ಪಂಕ್ಚರ್ ಹಾಕಿಸಲು ಜಂಕ್ಷನ್ನಿನ ರಿಪೇರಿ ಅಂಗಡಿಗೆ ಒಯ್ದ. ನಾನೂ ಜೊತೆಗಿದ್ದೆ. ಅಂಗಡಿಯ ಕಾಕ ನಾಲ್ಕು ದಶಕಗಳಿಂದ ಸೈಕಲ್ ಬಿಚ್ಚಿ ಕಟ್ಟಿದವರು. ನನ್ನ ಮಾತು ಕೇಳಿ ಅವರು ಮೊದಲು ಮಾಡಿದ ಕೆಲಸ ಹಲ್ಲು ಎಣಿಸಿದ್ದು. "ಟೀಚರೇ, ಎದುರಿನ ಚಕ್ರದಲ್ಲಿ 42 ಹಲ್ಲು. ಹಿಂದಿನ ದೊಡ್ಡದರಲ್ಲಿ 28. ಈ ಚಡಾವಿನಲ್ಲಿ ನಾನು ಕೂತರೂ ಇಳಿದು ತಳ್ಳಬೇಕು. ಮಗಳಿಗೆ ಶಕ್ತಿ ಇಲ್ಲ ಎಂದು ಯಾರು ಹೇಳಿದ್ದು?"

ಆ ದಿನ ನನಗೆ ನಾಚಿಕೆಯಾಯಿತು. ಸೈಕಲಿನ ಕೊರತೆಯನ್ನು ನಾವೆಲ್ಲ ಮಗಳ ಕೊರತೆ ಎಂದು ತಿಳಿದಿದ್ದೆವು. ನಮ್ಮಂತೆ ಇತರರು ಮೋಸ ಹೋಗಬಾರದೆಂದು, ಕಾಕನಿಂದ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಲ್ಲಿನ ಲೆಕ್ಕ

ಸೈಕಲಿನ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ? ಗೇರ್ ಎಂದರೆ ಈ ಪ್ರಶ್ನೆಯೇ. ಎದುರಿನ ಚಕ್ರದ ಹಲ್ಲುಗಳನ್ನು ಹಿಂದಿನ ಚಕ್ರದ ಹಲ್ಲುಗಳಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಟಯರಿನ ಸುತ್ತಳತೆಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ.

ಹಿಂದೆ ಮನೆಮನೆಯಲ್ಲಿದ್ದ ಕಪ್ಪು ಸೈಕಲಿನಲ್ಲಿ ಸಾಮಾನ್ಯವಾಗಿ ಎದುರು 44, ಹಿಂದೆ 18 ಹಲ್ಲು. ಒಂದು ಸುತ್ತಿಗೆ ಅದು 5 ಮೀಟರಿಗಿಂತ ಹೆಚ್ಚು ಓಡುತ್ತದೆ. ಬಯಲಿನಲ್ಲಿ ಸುಖ, ಏರಿನಲ್ಲಿ ಕಷ್ಟ. ಮಗಳ ಸೈಕಲ್ ಅತ್ಯಂತ ಹಗುರ ಗೇರಿನಲ್ಲೂ ಒಂದು ಸುತ್ತಿಗೆ 3 ಮೀಟರ್ ಓಡುತ್ತಿತ್ತು. ಅದನ್ನು ನಿಲ್ಲದಂತೆ ತುಳಿಯಬೇಕಾದರೆ ಚಡಾವಿನಲ್ಲೂ ಗಂಟೆಗೆ 11 ಕಿಲೋಮೀಟರ್ ವೇಗ ಬೇಕು. ಎದುರು 28, ಹಿಂದೆ 34 ಹಲ್ಲು ಇದ್ದರೆ ಒಂದು ಸುತ್ತಿಗೆ 1.7 ಮೀಟರ್ ಅಷ್ಟೇ. ಆಗ ನಡಿಗೆಗಿಂತ ತುಸು ಹೆಚ್ಚು ವೇಗದಲ್ಲಿ, ಸುಮಾರು ಅರ್ಧ ಶ್ರಮದಲ್ಲಿ, ಕುಳಿತಲ್ಲೇ ಏರು ಹತ್ತಬಹುದು. ಸಮಯ ಹೆಚ್ಚು ಬೇಕು, ಉಸಿರು ಮಾತ್ರ ಕಟ್ಟುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಎಷ್ಟು ಗೇರ್ ಇದೆ ಎಂದು ಕೇಳಿದರೆ ಸಾಲದು. ಎದುರಿನ ಅತಿ ಚಿಕ್ಕ ಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರದಲ್ಲಿ ಎಷ್ಟು ಹಲ್ಲು ಎಂದು ಕೇಳಿ. ಗುಡ್ಡದ ದಾರಿಗೆ ಎದುರಿನ ಸಂಖ್ಯೆ ಹಿಂದಿನ ಸಂಖ್ಯೆಗೆ ಸಮವಾಗಿರಬೇಕು ಅಥವಾ ಅದಕ್ಕಿಂತ ಕಡಿಮೆಯಿರಬೇಕು. ಬ್ಯಾಗು ಕಟ್ಟಿಕೊಂಡು ದೂರ ಹೋಗುವವರಿಗೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ನೀವೇ ಎಣಿಸಿ. ಅದಕ್ಕೆ ಎರಡು ನಿಮಿಷ ಸಾಕು.

ಚಾಂಪಿಯನ್ನನ್ನು ಸೋಲಿಸಿದ ಮಹಿಳೆ

ಗೇರನ್ನು ದುರ್ಬಲರ ಊರುಗೋಲು ಎಂದು ತಿಳಿಯುವವರು ಹಿಂದೆಯೂ ಇದ್ದರು. ಸೈಕಲ್ ಇತಿಹಾಸದ ಬರಹಗಳಲ್ಲಿ 1902ರ ಒಂದು ಸ್ಪರ್ಧೆಯ ಪ್ರಸ್ತಾಪವಿದೆ. ಫ್ರಾನ್ಸಿನ ಪ್ರವಾಸಿ ಸೈಕಲ್ ಸಂಘವೊಂದು ಪರ್ವತ ದಾರಿಯಲ್ಲಿ ಅದನ್ನು ಏರ್ಪಡಿಸಿತ್ತು. ಎಡ್ವರ್ಡ್ ಫಿಶರ್ ಎಂಬ ಹೆಸರಾಂತ ಸವಾರ ಒಂದೇ ಗೇರಿನ ಸೈಕಲಿನಲ್ಲಿದ್ದ. ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲಿನಲ್ಲಿದ್ದಳು. ಗೆದ್ದವಳು ಆ ಮಹಿಳೆ.

ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಮರುವರ್ಷ ಆರಂಭಿಸಿದ ಹೆನ್ರಿ ದೆಗ್ರಾಂಜ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಗೇರ್ ಬದಲಾಯಿಸುವ ಯಂತ್ರ 45 ದಾಟಿದವರಿಗಷ್ಟೇ ಎಂಬುದು ಆತನ ನಿಲುವು. ಆ ಸ್ಪರ್ಧೆಯಲ್ಲಿ ಇಂದಿನ ಮಾದರಿಯ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಇಂದು ಆ ಸ್ಪರ್ಧೆಯಲ್ಲಿ ಗೇರಿಲ್ಲದ ಸೈಕಲನ್ನು ಯಾರೂ ಮುಟ್ಟುವುದಿಲ್ಲ. ಜಗತ್ತಿನ ಅತಿ ಬಲಿಷ್ಠ ಕಾಲುಗಳಿಗೇ ಗೇರ್ ಬೇಕಾದರೆ ನಮ್ಮ ಮಕ್ಕಳಿಗೆ ಬೇಡವೇ?

ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಮ್ ಮಹಿಳೆಯರೂ ಇದ್ದರು. ನೀರು ತರಲು, ಹೊಲದ ಬೆಳೆಯನ್ನು ಸಂತೆಗೆ ಒಯ್ಯಲು ಅವರು ಯಾರನ್ನೂ ಕಾಯಬೇಕಾಗಲಿಲ್ಲ. ಆದರೆ ಅದು ಬಯಲು ನಾಡು, ಅಲ್ಲಿ ಒಂದೇ ಗೇರ್ ಸಾಕಾಯಿತು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾದಾಗ ಸಿಕ್ಕಿದ್ದೂ ಒಂದೇ ಗೇರಿನ ಸೈಕಲ್. ಬಯಲುಸೀಮೆಯ ಹೆಣ್ಣು ಮಕ್ಕಳಿಗೆ ಅದು ವರವಾಯಿತು. ಕರಾವಳಿ, ಮಲೆನಾಡು, ಕೊಡಗಿನ ದಾರಿಗಳ ಬೇಡಿಕೆಯೇ ಬೇರೆ.

ಟಯರ್ ಮತ್ತು ಚೌಕಟ್ಟು

ಟಯರಿನ ಪಕ್ಕದಲ್ಲಿ ಅದರ ಅಳತೆ ಅಚ್ಚಾಗಿರುತ್ತದೆ. ಸ್ಪರ್ಧೆಯ ಸೈಕಲಿನ 23ರಿಂದ 28 ಮಿಲಿಮೀಟರ್ ಅಗಲದ ಟಯರ್ ನಮ್ಮ ಹೊಂಡ ರಸ್ತೆಗಳಿಗೆ ಸಲ್ಲದು. ಕೆಸರಿನಲ್ಲಿ ಓಡಿಸಲೆಂದೇ ಮಾಡಿದ, ದೊಡ್ಡ ಗುಬ್ಬಿಗಳಿರುವ ಟಯರ್ ಡಾಮರಿನಲ್ಲಿ ಸವಾರನನ್ನು ಹಿಂದಕ್ಕೆ ಎಳೆಯುತ್ತದೆ. ಡಾಮರು ಹೆಚ್ಚು, ಮಣ್ಣು ಕಡಿಮೆ ಇರುವ ದಾರಿಗೆ 35ರಿಂದ 45 ಮಿಲಿಮೀಟರ್ ಅಗಲದ, ನಡುವೆ ನಯವಾಗಿ ಬದಿಯಲ್ಲಿ ಸ್ವಲ್ಪ ಗೀರುಗಳಿರುವ ಟಯರ್ ಒಳ್ಳೆಯದು. 26 ಇಂಚಿನ ಚಕ್ರವಾದರೆ 1.75 ಎಂದು ಬರೆದಿರುವುದು ಈ ಅಳತೆಯೊಳಗೆ ಬರುತ್ತದೆ. ಗಾಳಿ ಎಷ್ಟಿರಬೇಕೆಂಬುದೂ ಟಯರಿನ ಮೇಲೆಯೇ ಇರುತ್ತದೆ. ಆ ಮಿತಿಯೊಳಗೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಕುಲುಕಾಟ ತಗ್ಗುತ್ತದೆ, ಹಿಡಿತ ಹೆಚ್ಚುತ್ತದೆ.

ನಡುವಿನಲ್ಲಿ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ ಬೇಡವೇ ಬೇಡ. ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಸ್ಪ್ರಿಂಗೇ ನುಂಗುತ್ತದೆ. ತೂಕವೂ ಹೆಚ್ಚುತ್ತದೆ. ನಮ್ಮ ಹಳೆಯ ಸೈಕಲ್ 18 ಕಿಲೋ ಇತ್ತು.

ಚೌಕಟ್ಟು ಸ್ಟೀಲಿನದೋ ಅಲ್ಯುಮಿನಿಯಮ್‌ನದೋ ಎಂಬ ಪ್ರಶ್ನೆ ಬರುತ್ತದೆ. ಅಲ್ಯುಮಿನಿಯಮ್ ಹಗುರ, ತುಕ್ಕು ಹಿಡಿಯುವುದಿಲ್ಲ. ಸ್ಟೀಲ್ ಮುರಿದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೂ ಬೆಸೆಯಬಹುದು. ಆದರೆ ನಮ್ಮ ಮಳೆಗೆ ಒರೆಸಿ ಎಣ್ಣೆ ಹಾಕದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಎರಡೂ ಆಗಬಹುದು. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಚೌಕಟ್ಟಿನಲ್ಲಿ ಸ್ಕ್ರೂ ತೂತುಗಳಿವೆಯೇ ಎಂದು ಮಾತ್ರ ಮರೆಯದೆ ನೋಡಿ. ಅನೇಕ ಚಂದದ ಸೈಕಲುಗಳಲ್ಲಿ ಅವೇ ಇರುವುದಿಲ್ಲ. ಸಾಮಾನು ಒಯ್ಯಬೇಕಾದರೆ ಹಿಂದಿನ ಚಕ್ರದ ಕಡ್ಡಿಗಳನ್ನೂ ಎಣಿಸಿ, 32 ಅಥವಾ 36 ಇರಲಿ.

ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಮಹಿಳೆ 1963ರಲ್ಲಿ ತನ್ನೂರಿನಿಂದ ಇರಾನ್, ಅಫಘಾನಿಸ್ತಾನ, ಪಾಕಿಸ್ತಾನಗಳ ದಾರಿಯಾಗಿ ಭಾರತಕ್ಕೆ ಒಬ್ಬಳೇ ಸೈಕಲಿನಲ್ಲಿ ಬಂದಳು. ಆ ರಸ್ತೆಗಳಲ್ಲಿ ಗೇರ್ ಕೆಟ್ಟರೆ ರಿಪೇರಿ ಆಗದೆಂದು ಆಕೆ ಹೊರಡುವ ಮೊದಲೇ ಗೇರ್ ತೆಗೆಸಿದ್ದಳು. ಆ ಕಾಲಕ್ಕೆ ಅದು ಸರಿ. ಇಂದು ಸಾಧಾರಣ ಗೇರಿನ ಬಿಡಿಭಾಗಗಳು ತಾಲೂಕು ಪೇಟೆಯಲ್ಲೂ ಸಿಗುತ್ತವೆ. ಆದರೂ ಆಕೆಯ ಎಚ್ಚರಿಕೆಯಲ್ಲಿ ಒಂದು ಪಾಠವಿದೆ: ನಿಮ್ಮ ಊರಿನ ರಿಪೇರಿಯವರು ಬಿಚ್ಚಿ ಕಟ್ಟಲಾಗದ ವಸ್ತುವನ್ನು ದುಬಾರಿ ಬೆಲೆ ಕೊಟ್ಟು ತರಬೇಡಿ.

ಇಳಿಜಾರಿನಲ್ಲಿ ಬ್ರೇಕ್

ಏರು ಹತ್ತಿಸುವುದು ಗೇರ್, ಜೀವಂತ ಮನೆಗೆ ತಲುಪಿಸುವುದು ಬ್ರೇಕ್. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ಯವರ ಉಪದೇಶ ನಮಗೆಲ್ಲ ಗೊತ್ತು. ಸೈಕಲಿಗೆ ಸಂಬಂಧಿಸಿದಂತೆ ಒಂಟೆ ಕಟ್ಟುವುದೆಂದರೆ ಹೊರಡುವ ಮೊದಲು ಎರಡೂ ಬ್ರೇಕ್ ಹಿಡಿದು ನೋಡುವುದು.

ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕ್ ಒಣ ದಾರಿಯಲ್ಲಿ ಸಾಕು. ಮಳೆಯಲ್ಲಿ ರಿಮ್ ಒದ್ದೆಯಾದಾಗ ಅದು ಕೂಡಲೇ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಸುರಿಯುವ ನಮ್ಮ ನಾಡಿಗೆ ಡಿಸ್ಕ್ ಬ್ರೇಕ್ ಹೆಚ್ಚು ಭದ್ರ. ಅದರಲ್ಲೂ ಕೇಬಲ್ ಇರುವ ಬಗೆಯನ್ನು ಊರಲ್ಲೇ ಬಿಗಿ ಮಾಡಿಸಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಿಗೆ ಹಿಡಿತ ಹೆಚ್ಚು, ಆದರೆ ಕೆಟ್ಟರೆ ಪೇಟೆಗೇ ಒಯ್ಯಬೇಕು.

ದೊಡ್ಡ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡಿರಬಾರದು, ಬಿಸಿಯೇರುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಎದುರಿನ ಬ್ರೇಕನ್ನು ಒಮ್ಮೆಲೇ ಬಿಗಿಯಾಗಿ ಹಿಡಿಯಬಾರದು. ಯಾವ ಕೈಯದು ಎದುರಿನ ಬ್ರೇಕ್ ಎಂಬುದನ್ನು ಮಕ್ಕಳಿಗೆ ಅಂಗಳದಲ್ಲೇ ಕಲಿಸಿರಬೇಕು.

ಮೈಗೆ ಹೊಂದುವ ಅಳತೆ

ಮಗಳು ಬೆಳೆಯುತ್ತಾಳೆ ಎಂದು ದೊಡ್ಡ ಅಂಗಿ ಹೊಲಿಸಿದಂತೆ ದೊಡ್ಡ ಸೈಕಲ್ ತರಬಾರದು. ಚೌಕಟ್ಟಿನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ದೇಹಕ್ಕೂ ಕಬ್ಬಿಣಕ್ಕೂ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಬೇಕು. ಸೀಟಿನಲ್ಲಿ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗುತ್ತದೆ. ಸೀಟು ತಗ್ಗಿದ್ದರೆ ಏರಿನಲ್ಲಿ ಮೊಣಕಾಲು ನೋಯುತ್ತದೆ. ನಮ್ಮ ಹೆಣ್ಣು ಮಕ್ಕಳು ಭಯದಿಂದ ಸೀಟು ತಗ್ಗಿಸಿಯೇ ಓಡಿಸುತ್ತಾರೆ, ಮತ್ತೆ ಕಾಲುನೋವೆಂದು ಬಿಡುತ್ತಾರೆ. ಕಲಿಯುವಾಗ ತಗ್ಗಿರಲಿ, ಕಲಿತ ಮೇಲೆ ಏರಿಸಿ.

ಸೀಟು ದಿಂಬಿನಂತೆ ಮೆತ್ತಗಿದ್ದರೆ ಒಳ್ಳೆಯದೆಂಬುದು ತಪ್ಪು ಕಲ್ಪನೆ. ಒಂದು ಗಂಟೆ ಕಳೆದಾಗ ಅದೇ ನೋವು ಕೊಡುತ್ತದೆ. ಹೆಂಗಸರಿಗೆ ಹಿಂಭಾಗ ಸ್ವಲ್ಪ ಅಗಲವಿರುವ, ಹದವಾಗಿ ಗಟ್ಟಿಯಿರುವ ಸೀಟು ಬೇಕು. ಎತ್ತರ ಕಡಿಮೆ ಇರುವವರಿಗೆ 26 ಅಥವಾ 27.5 ಇಂಚಿನ ಚಕ್ರದ ಚಿಕ್ಕ ಚೌಕಟ್ಟು ಅನುಕೂಲ.

ಉಡುಪಿನ ವಿಚಾರ

ಇದನ್ನು ನಮ್ಮ ಮನೆಗಳಲ್ಲಿ ಮೊದಲೇ ಯೋಚಿಸಬೇಕು. ಉದ್ದದ ಬುರ್ಖಾ ಚೈನಿಗೋ ಚಕ್ರದ ಕಡ್ಡಿಗೋ ಸಿಕ್ಕಿಕೊಂಡರೆ ಸವಾರಳು ಬೀಳುವುದು ಖಂಡಿತ. ಮೊಣಕಾಲು ಮುಚ್ಚುವ ಸಡಿಲವಾದ ಮೇಲಂಗಿ ಮತ್ತು ಪಾದದ ಬಳಿ ರಬ್ಬರ್ ಬ್ಯಾಂಡ್ ಹಾಕಿದ ಅಗಲ ಸಲ್ವಾರ್ ಇದ್ದರೆ ಔರತ್ ಮುಚ್ಚುವ ನಿಯಮವೂ ಪಾಲನೆಯಾಗುತ್ತದೆ, ಅಪಾಯವೂ ಇಲ್ಲ. ಶಾಲಿನ ತುದಿ ಹಾರದಂತೆ ಒಳಗೆ ಸಿಕ್ಕಿಸಬೇಕು. ನಡುವಿನ ಕಂಬಿ ತಗ್ಗಾಗಿರುವ ಚೌಕಟ್ಟು ಹತ್ತಿ ಇಳಿಯಲು ಸುಲಭ. ಎದುರಿನ ಚಕ್ರಕ್ಕೆ ಚೈನ್ ಕವರ್, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸಿಕೊಳ್ಳಿ.

ಹೆಲ್ಮೆಟಿನ ಒಳಗೆ ತೆಳುವಾದ ಹತ್ತಿಯ ಸ್ಕಾರ್ಫ್ ಇರಲಿ. ಗಂಟಾಗಲಿ ಪಿನ್ನಾಗಲಿ ಬೇಡ. ಬಿದ್ದಾಗ ಪಿನ್ ತಲೆಗೇ ಚುಚ್ಚುತ್ತದೆ. ಅಫಘಾನಿಸ್ತಾನದ ಮಸೂಮಾ ಅಲಿ ಝಾದಾ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದ ಪರವಾಗಿ ಸೈಕಲ್ ಓಡಿಸಿದ್ದು ಹೆಲ್ಮೆಟಿನ ಒಳಗೆ ಸ್ಕಾರ್ಫ್ ಧರಿಸಿಯೇ.

ಕೊಳ್ಳುವ ದಿನ

ಸೈಕಲ್ ಓಡಿಸುವವಳನ್ನು ಬಿಟ್ಟು ಸೈಕಲ್ ತರಬೇಡಿ. ಅವಳ ಅಭಿಪ್ರಾಯ ಕೇಳಿ. ಬಣ್ಣದ ವಿಷಯದಲ್ಲಿ ಅವಳ ಮಾತು ನಡೆಯಲಿ, ಹಲ್ಲಿನ ಲೆಕ್ಕದಲ್ಲಿ ನಿಮ್ಮ ಮಾತು. ಅಂಗಡಿಯ ಹತ್ತಿರದ ಏರಿನಲ್ಲಿ ಒಮ್ಮೆ ಓಡಿಸಿ ನೋಡಲು ಕೇಳಿ. ಕ್ಯಾರಿಯರಿನಲ್ಲಿ 5 ಕಿಲೋ ಅಕ್ಕಿಯ ಚೀಲ ಕಟ್ಟಿ ಓಡಿಸಿದರೆ ಇನ್ನೂ ಒಳ್ಳೆಯದು. ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.

ಹಣ ಕಡಿಮೆಯಿದ್ದರೆ ಮೊದಲು ಹಗುರ ಗೇರ್ ಮತ್ತು ಬ್ರೇಕ್, ಆಮೇಲೆ ಟಯರ್, ಆಮೇಲೆ ತೂಕ ಎಂಬ ಕ್ರಮದಲ್ಲಿ ನೋಡಿ. ಸ್ಪ್ರಿಂಗ್ ಮತ್ತು ಹೊಳಪಿಗೆ ಹಣ ಹಾಕಬೇಡಿ. ಖರ್ಚಿನಲ್ಲಿ ದುಂದೂ ಬೇಡ, ಜಿಪುಣತನವೂ ಬೇಡ ಎಂಬ ಕುರ್‌ಆನಿನ ಪಾಠ ಇಲ್ಲೂ ದಾರಿ ತೋರಿಸುತ್ತದೆ. ದೀಪ, ಗಂಟೆ, ಹಿಂದಿನ ಕೆಂಪು ರಿಫ್ಲೆಕ್ಟರ್, ಪಂಪು, ಒಂದು ಹೆಚ್ಚಿನ ಟ್ಯೂಬ್ ಇವಕ್ಕೂ ಹಣ ತೆಗೆದಿಡಿ. ಈಗಾಗಲೇ ಮನೆಯಲ್ಲಿ ಗೇರ್ ಸೈಕಲ್ ಇದ್ದರೆ ಹೊಸತು ಕೊಳ್ಳುವ ಮೊದಲು ಹಿಂದಿನ ಹಲ್ಲಿನ ಗುಚ್ಛವನ್ನು 34 ಹಲ್ಲಿನವರೆಗೆ ಇರುವುದಕ್ಕೆ ಬದಲಿಸಬಹುದೇ ಎಂದು ರಿಪೇರಿಯವರಲ್ಲಿ ಕೇಳಿ. ಸಣ್ಣ ಖರ್ಚಿನಲ್ಲಿ ಕೆಲಸ ಮುಗಿದೀತು.

ತಂದ ಮೇಲೆ ಓಡಿಸುವ ಕ್ರಮವನ್ನೂ ಕಲಿಸಬೇಕು. ಚಡಾವು ಆರಂಭವಾಗುವ ಮೊದಲೇ ಗೇರ್ ಇಳಿಸಬೇಕು. ಬಲವಾಗಿ ತುಳಿಯುತ್ತಿರುವಾಗ ಬದಲಿಸಿದರೆ ಚೈನ್ ಕಳಚುತ್ತದೆ. ಸಾಮಾನನ್ನು ಬೆನ್ನಿಗೆ ಹೊರದೆ ಕ್ಯಾರಿಯರಿನ ಎರಡೂ ಬದಿಗೆ ಸಮವಾಗಿ, ತಗ್ಗಾಗಿ ಕಟ್ಟಬೇಕು. ಮಳೆಯಲ್ಲಿ ನೆನೆದು ಬಂದ ದಿನ ಚೈನ್ ಒರೆಸಿ ಎಣ್ಣೆ ಹಾಕಬೇಕು.

ಅಜ್ಜಿ ಮನೆಯ ದಾರಿ

ನಾವು ಕೊನೆಗೆ ತಂದದ್ದು ಸ್ಪ್ರಿಂಗಿಲ್ಲದ, ತಗ್ಗು ಚೌಕಟ್ಟಿನ ಸಾಧಾರಣ ಸೈಕಲ್. ಎದುರಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಬೆಲೆ ಮೊದಲಿನದಕ್ಕಿಂತ ಕಡಿಮೆಯೇ ಆಯಿತು. ಹಳೆಯದನ್ನು ಬಯಲು ಊರಿನ ಬಂಧುಗಳೊಬ್ಬರು ಕೊಂಡುಕೊಂಡರು. ಅದು ಏರು ಹತ್ತದು ಎಂಬುದನ್ನು ಮೊದಲೇ ತಿಳಿಸಿದ್ದೆವು. ಕೊರತೆ ಮುಚ್ಚಿಟ್ಟು ಮಾರುವುದು ಹಲಾಲ್ ಅಲ್ಲ.

ಎರಡು ತಿಂಗಳು ಕಾಲೇಜಿಗೆ ಹೋಗಿ ಬಂದು ಕಾಲು ಗಟ್ಟಿಯಾದ ಮೇಲೆ, ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಸುಬ್ಹಿ ನಮಾಝ್ ಮುಗಿಸಿ ಅಕ್ಕ ತಮ್ಮ ಇಬ್ಬರೂ ಹೊರಟರು. ಪ್ರವಾದಿ(ಸ)ಯವರ ಸಂಗಡಿಗರು ಪ್ರಯಾಣದಲ್ಲಿ ಏರು ಹತ್ತುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿದ್ದನ್ನು ನಾನು ಮದ್ರಸದಲ್ಲಿ ಎಷ್ಟೋ ಬಾರಿ ಕಲಿಸಿದ್ದೇನೆ. ಆ ದಿನ ಗೇಟಿನ ಬಳಿ ನಿಂತು ಮಕ್ಕಳಿಗೆ ಮತ್ತೆ ನೆನಪಿಸಿದೆ.

ಎರಡೂವರೆ ಗಂಟೆಯ ಬಳಿಕ ಫೋನ್ ಬಂತು. "ಉಮ್ಮಾ, ತಲುಪಿದೆವು. ಒಂದೇ ಕಡೆ ಇಳಿದು ತಳ್ಳಿದ್ದು, ತೋಟದ ಕೊನೆಯ ಏರಿನಲ್ಲಿ. ತಮ್ಮನೂ ತಳ್ಳಿದ." ಹಿಂದಿನಿಂದ ಅಜ್ಜಿಯ ದನಿ ಕೇಳುತ್ತಿತ್ತು, ಮೊದಲು ತಿಂಡಿ ತಿನ್ನು ಎಂದು.

ಸಹೋದರಿಯರೇ, ಇದು ಸೈಕಲಿನ ಮಾತಾದರೂ ಸೈಕಲಿಗಷ್ಟೇ ಸೀಮಿತವಲ್ಲ. ಮಗಳೊಬ್ಬಳು ದಾರಿಯ ನಡುವೆ ನಿಂತು ನನ್ನಿಂದಾಗದು ಎಂದಾಗ, ಹೌದು ನಿನ್ನಿಂದಾಗದು ಎಂದುಬಿಡುವುದು ಸುಲಭ. ಹಾಗೆ ಹೇಳುವ ಮೊದಲು ಒಮ್ಮೆ ಬಗ್ಗಿ ನೋಡೋಣ, ನಾವು ಅವಳ ಕೈಗೆ ಕೊಟ್ಟದ್ದು ಎಷ್ಟು ಹಲ್ಲಿನ ಗೇರ್ ಎಂದು.